ಬಾರ್ಲಿಯ ಹೆಸರಲ್ಲಿ ಮೆಕ್ಕೆಜೋಳವೇ?

ಪ್ರಶ್ನೆ: ನನಗೆ ಮೆಕ್ಕೆಜೋಳದ ಅಲರ್ಜಿ ಇದೆ. ಬಾಟಲಿಯ ಮೇಲೆ ‘ಬಾರ್ಲಿ ಮಾಲ್ಟ್’ ಎಂದಷ್ಟೇ ಇದ್ದರೂ ಬಿಯರ್ ಕುಡಿದರೆ ಮೈ ತುರಿಸುತ್ತದೆ. ಅಗ್ಗದ ಮೆಕ್ಕೆಜೋಳ ಬೆರೆಸಿದ್ದರೆ ಪ್ರಯೋಗಾಲಯದಲ್ಲಿ ಗೊತ್ತಾಗುತ್ತದೆಯೇ?

ಉತ್ತರ: ಬಹುಮಟ್ಟಿಗೆ ಗೊತ್ತಾಗುತ್ತದೆ. ನಿಮ್ಮ ಅನುಮಾನ ಅತಿಯಾದದ್ದೇನಲ್ಲ.

ಬಾರ್ಲಿ, ಗೋಧಿ, ಭತ್ತ ಒಂದು ಬಗೆಯಲ್ಲಿ ಗಾಳಿಯ ಇಂಗಾಲವನ್ನು ಹೀರುತ್ತವೆ. ಮೆಕ್ಕೆಜೋಳ, ಕಬ್ಬು, ನಮ್ಮ ರಾಗಿ ಇನ್ನೊಂದು ಬಗೆಯಲ್ಲಿ. ಹಾಗಾಗಿ ಭಾರವಾದ ಇಂಗಾಲ-13ರ ಪಾಲು ಎರಡನೆಯ ಗುಂಪಿನಲ್ಲಿ ಹೆಚ್ಚು. ಒಂದು ಮಾನಕಕ್ಕೆ ಹೋಲಿಸಿ ಪ್ರತಿ ಸಾವಿರಕ್ಕೆ ಲೆಕ್ಕ ಹಾಕುವ ಐಸೊಟೋಪ್ ಮಾಪನದಲ್ಲಿ ಬಾರ್ಲಿ ಸುಮಾರು –27, ಮೆಕ್ಕೆಜೋಳ ಸುಮಾರು –12 ತೋರಿಸುತ್ತದೆ. ಬಿಯರ್ –22.5 ತೋರಿಸಿದರೆ, ಅದರ ಇಂಗಾಲದಲ್ಲಿ ಸರಿಸುಮಾರು ಶೇ 30 ಎರಡನೆಯ ಗುಂಪಿನದು. ಕುದಿಸಿದರೂ ಹುದುಗಿಸಿದರೂ ಈ ಗುರುತು ಅಳಿಯದು.

ಆದರೆ ಮಿತಿಯೂ ಇದೆ. ಆ ಪಾಲು ಮೆಕ್ಕೆಜೋಳದ್ದೋ ಕಬ್ಬಿನ ಸಕ್ಕರೆಯದೋ ಎಂದು ಈ ಪರೀಕ್ಷೆ ಹೇಳದು. ಅಕ್ಕಿಯಂತೂ ಬಾರ್ಲಿಯ ಗುಂಪಿನಲ್ಲೇ ಅಡಗಿಬಿಡುತ್ತದೆ. ಇದಕ್ಕೆ ಇನ್ನೊಂದು ವಿಧಾನವಿದೆ: 2021ರಲ್ಲಿ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡ 400ಕ್ಕೂ ಹೆಚ್ಚು ಬಿಯರುಗಳನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಪರೀಕ್ಷಿಸಿ, ಮೆಕ್ಕೆಜೋಳ ಮತ್ತು ಅಕ್ಕಿಯ ರಾಸಾಯನಿಕ ಗುರುತುಗಳನ್ನು ಬೇರೆಬೇರೆಯಾಗಿ ಗುರುತಿಸಿತು.

ಈಗ ನಿಮ್ಮ ಕೆಲಸ: ಮೊದಲು ಆ ಬಿಯರನ್ನು ನಿಲ್ಲಿಸಿ. ಅಲರ್ಜಿ ತಜ್ಞರನ್ನು ಕಾಣಿ. ತುರಿಕೆಗೆ ಬಾರ್ಲಿಯೇ ಕಾರಣವಿರಬಹುದು. ಅದೇ ಬ್ಯಾಚಿನ ತೆರೆಯದ ಬಾಟಲಿ ಮತ್ತು ರಸೀದಿ ಜೋಪಾನ ಮಾಡಿ, ಆಹಾರ ಸುರಕ್ಷತಾ ಅಧಿಕಾರಿಗೆ ಲಿಖಿತ ದೂರು ಕೊಡಿ. ಒಳಗೇನಿದೆ ಎಂದು ತಿಳಿಯುವುದು ನಿಮ್ಮ ಹಕ್ಕು.