ಅರ್ಧ ಮುಚ್ಚಿದ ಮಸೂರ, ಪೂರ್ಣ ಪ್ರತಿಬಿಂಬ: ಒಂದು ಅಭ್ಯಾಸ ಪಾಠದ ಮರುಯೋಜನೆ

ಹತ್ತನೆಯ ತರಗತಿಯ ‘ಬೆಳಕು: ಪ್ರತಿಫಲನ ಮತ್ತು ವಕ್ರೀಭವನ’ ಘಟಕವನ್ನು ಅಭ್ಯಾಸ ಬೋಧನೆಗೆ ಆಯ್ದುಕೊಳ್ಳುವ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷವೂ ಇರುತ್ತಾರೆ. ಉಪಕರಣಗಳು ಸುಲಭವಾಗಿ ಸಿಗುತ್ತವೆ, ಕಪ್ಪುಹಲಗೆಯ ಚಿತ್ರ ಅಚ್ಚುಕಟ್ಟಾಗಿ ಬರುತ್ತದೆ, ಸೂತ್ರವಿದೆ, ಲೆಕ್ಕಗಳಿವೆ. ಹೀಗಾಗಿ ಈ ಪಾಠಕ್ಕೆ ಸಾಮಾನ್ಯವಾಗಿ ಒಳ್ಳೆಯ ಅಂಕಗಳೇ ಬರುತ್ತವೆ. ಒಳ್ಳೆಯ ಅಂಕ ಬಂದ ಇಂಥದ್ದೊಂದು ಪಾಠದಲ್ಲಿ ವಿದ್ಯಾರ್ಥಿನಿಯೊಬ್ಬಳು ತಪ್ಪು ಉತ್ತರವನ್ನು ಕಲಿತು ಹೋದ ಪ್ರಸಂಗ ಈ ಲೇಖನಕ್ಕೆ ಕಾರಣ.

ಪಾಠ ಪೀನ ಮಸೂರದಿಂದ ಪ್ರತಿಬಿಂಬ ಉಂಟಾಗುವಿಕೆ. ಪ್ರಶಿಕ್ಷಣಾರ್ಥಿ ಎರಡು ಕಿರಣಗಳ ಚಿತ್ರವನ್ನು ಸೊಗಸಾಗಿ ಬರೆದರು. ಪ್ರಧಾನಾಕ್ಷಕ್ಕೆ ಸಮಾಂತರವಾಗಿ ಬಂದ ಕಿರಣ ಸಂಗಮ ಬಿಂದುವಿನ ಮೂಲಕ ಹೋಯಿತು, ದೃಕ್ ಕೇಂದ್ರದ ಮೂಲಕ ಬಂದದ್ದು ನೇರವಾಗಿ ಸಾಗಿತು, ಎರಡೂ ಸೇರಿದಲ್ಲಿ ಪ್ರತಿಬಿಂಬ. ಆಗ ಮೂರನೆಯ ಬೆಂಚಿನ ಹುಡುಗಿ ಎದ್ದು ಕೇಳಿದಳು: “ಮಿಸ್, ಮಸೂರದ ಮೇಲಿನರ್ಧ ಮುಚ್ಚಿದ್ರೆ ಆ ಮೇಲಿನ ಕಿರಣ ಬರೋದೇ ಇಲ್ವಲ್ಲ. ಆಗ ಪ್ರತಿಬಿಂಬ ಅರ್ಧ ಆಗುತ್ತಾ?” “ಹೌದಮ್ಮ, ಅರ್ಧವೇ ಕಾಣುತ್ತೆ” ಎಂದು ಹೇಳಿ ಅವರು ಮುಂದಿನ ಅಂಶಕ್ಕೆ ಹೋದರು. ಮಸೂರ ಮೇಜಿನ ಮೇಲೆಯೇ ಇತ್ತು.

ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಾನು ವೀಕ್ಷಣಾ ನಮೂನೆಯಲ್ಲಿ ಧ್ವನಿ, ಚಲನವಲನ, ಕಪ್ಪುಹಲಗೆ ಬಳಕೆ ಎಲ್ಲಕ್ಕೂ ಉತ್ತಮ ಎಂದೇ ಗುರುತು ಹಾಕಿದ್ದೆ. ತಪ್ಪು ಉತ್ತರವನ್ನು ಬರೆಯಲು ಆ ನಮೂನೆಯಲ್ಲಿ ಸ್ಥಳವಿರಲಿಲ್ಲ. ಸಂಜೆಯ ಹಿಮ್ಮಾಹಿತಿ ಸಭೆಯಲ್ಲಿ ಅದೇ ಪ್ರಶ್ನೆಯನ್ನು ಇತರ ಪ್ರಶಿಕ್ಷಣಾರ್ಥಿಗಳಿಗೆ ಕೇಳಿದಾಗ ಹೆಚ್ಚಿನವರು ‘ಅರ್ಧ’ ಎಂದೇ ಹೇಳಿದರು. ಹಾಗಾಗಿ ಎಲ್ಲರೂ ಕೂತು ಪಾಠವನ್ನು ಮತ್ತೆ ಯೋಜಿಸಿದೆವು.

ತಪ್ಪು ಎಲ್ಲಿಂದ ಬರುತ್ತದೆ?

ಇದು ನಮ್ಮ ತರಗತಿಗಳಿಗೆ ಮಾತ್ರ ಸೀಮಿತವಾದ ತಪ್ಪಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಫ್ರೆಡ್ ಗೋಲ್ಡ್‌ಬರ್ಗ್ ಮತ್ತು ಲಿಲಿಯನ್ ಮೆಕ್‌ಡರ್ಮಟ್ ನಡೆಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಇದೇ ಪ್ರಶ್ನೆ ಕೇಳಲಾಗಿತ್ತು. ಪಾಠ ಮುಗಿಸಿದ್ದವರಲ್ಲಿಯೂ ಅನೇಕರು ಅರ್ಧ ಪ್ರತಿಬಿಂಬ ಮಾಯವಾಗುತ್ತದೆ ಎಂದಿದ್ದರು.

ಕಾರಣ ನಾವು ಬರೆಯುವ ಚಿತ್ರದಲ್ಲಿದೆ. ಎರಡು ಕಿರಣಗಳನ್ನು ಬರೆದಾಗ, ಆ ಎರಡೇ ಪ್ರತಿಬಿಂಬವನ್ನು ಉಂಟುಮಾಡುತ್ತವೆ ಎಂದು ಮಕ್ಕಳು ಓದಿಕೊಳ್ಳುತ್ತಾರೆ. ವಾಸ್ತವದಲ್ಲಿ ವಸ್ತುವಿನ ಪ್ರತಿ ಬಿಂದುವಿನಿಂದಲೂ ಬೆಳಕು ಎಲ್ಲ ದಿಕ್ಕಿಗೂ ಹೊರಡುತ್ತದೆ; ಅದರಲ್ಲಿ ಮಸೂರದ ಮೇಲೆ ಬಿದ್ದದ್ದೆಲ್ಲವೂ ಒಂದೇ ಬಿಂದುವಿಗೆ ಬಂದು ಸೇರುತ್ತದೆ. ಎರಡು ಕಿರಣಗಳನ್ನು ಆರಿಸುವುದು ಅವುಗಳ ದಾರಿ ನಮಗೆ ಮೊದಲೇ ತಿಳಿದಿರುವುದರಿಂದ. ಪ್ರತಿಬಿಂಬ ಎಲ್ಲಿದೆ ಎಂದು ಹುಡುಕಲು ಅಷ್ಟು ಸಾಕು.

ಈ ತಿಳಿವಳಿಕೆ ಸುಲಭವಾಗಿ ಬಂದದ್ದಲ್ಲ. ಬೆಳಗಿದ ಮೇಲ್ಮೈಯ ಪ್ರತಿ ಬಿಂದುವೂ ಎಲ್ಲ ದಿಕ್ಕಿಗೂ ಬೆಳಕನ್ನು ಕಳುಹಿಸುತ್ತದೆ ಎಂಬುದನ್ನು 11ನೆಯ ಶತಮಾನದಲ್ಲಿ ಇಬ್ನ್ ಅಲ್‌-ಹೈಥಮ್ ತಮ್ಮ ದೃಗ್ವಿಜ್ಞಾನ ಗ್ರಂಥದಲ್ಲಿ ವಿವರಿಸಿದರು. ಒಂದು ಬಿಂದುವಿನಿಂದ ಹೊರಟ ಕಿರಣಗಳ ಗುಚ್ಛ ಕಣ್ಣಿನೊಳಗೆ ಮತ್ತೆ ಒಂದು ಬಿಂದುವಿನಲ್ಲಿ ಸೇರಿ ಅಕ್ಷಿಪಟಲದ ಮೇಲೆ ತಲೆಕೆಳಗಾದ ಪ್ರತಿಬಿಂಬವಾಗುತ್ತದೆ ಎಂಬುದನ್ನು ಕೆಪ್ಲರ್ ತೋರಿಸಿದ್ದು 1604ರಲ್ಲಿ. ಇಷ್ಟು ಕಾಲ ಹಿಡಿದ ವಿಚಾರವನ್ನು ಹದಿನೈದು ವರ್ಷದ ಮಗು ಎರಡು ಗೆರೆಗಳಿಂದ ತಾನಾಗಿಯೇ ಗ್ರಹಿಸಲಿ ಎಂದು ನಿರೀಕ್ಷಿಸುವುದು ಸರಿಯಲ್ಲ.

ಮರುಯೋಜಿಸಿದ ಪಾಠ (ಅವಧಿ: 40 ನಿಮಿಷ)

*ಕಲಿಕಾ ಫಲಗಳು:* ವಿದ್ಯಾರ್ಥಿಯು
1. ಮಸೂರದ ಒಂದು ಭಾಗವನ್ನು ಮುಚ್ಚಿದಾಗ ಆಗುವ ಬದಲಾವಣೆಯನ್ನು ಊಹಿಸಿ, ಪ್ರಯೋಗದಿಂದ ಪರೀಕ್ಷಿಸುವನು/ಳು.
2. ಒಂದು ಬಿಂದುವಿನಿಂದ ಹೊರಟ ಅನೇಕ ಕಿರಣಗಳು ಪ್ರತಿಬಿಂಬದ ಒಂದು ಬಿಂದುವನ್ನು ರೂಪಿಸುತ್ತವೆ ಎಂದು ಚಿತ್ರ ಸಹಿತ ವಿವರಿಸುವನು/ಳು.
3. ಈ ತತ್ತ್ವವನ್ನು ಕ್ಯಾಮೆರಾ, ಕಣ್ಣು, ದೂರದರ್ಶಕಗಳಿಗೆ ಅನ್ವಯಿಸುವನು/ಳು.

*ಬೋಧನೋಪಕರಣಗಳು:* 10 ಸೆಂ.ಮೀ. ಸಂಗಮದೂರ, 5 ಸೆಂ.ಮೀ. ವ್ಯಾಸದ ಪೀನ ಮಸೂರ, ಮಸೂರದ ಹಿಡಿಕೆ, ಮೊಬೈಲ್ ಟಾರ್ಚ್, ಟ್ರೇಸಿಂಗ್ ಕಾಗದ, ಸ್ಕೆಚ್ ಪೆನ್, ಬಿಳಿ ರಟ್ಟಿನ ಪರದೆ, ಕಪ್ಪು ರಟ್ಟು, ಮೀಟರ್ ಅಳತೆಪಟ್ಟಿ.

*ಹಂತ 1, ಊಹೆ:* ಟ್ರೇಸಿಂಗ್ ಕಾಗದದ ಮೇಲೆ 2 ಸೆಂ.ಮೀ. ಎತ್ತರದ ‘ಎ’ ಅಕ್ಷರವನ್ನು ಬರೆದು, ಹಿಂದಿನಿಂದ ಟಾರ್ಚ್ ಬೆಳಗಿ, ಮಸೂರದಿಂದ 30 ಸೆಂ.ಮೀ. ದೂರದಲ್ಲಿಡಿ. ಪರದೆಯನ್ನು 15 ಸೆಂ.ಮೀ. ದೂರಕ್ಕೆ ತಂದಾಗ 1 ಸೆಂ.ಮೀ. ಎತ್ತರದ, ತಲೆಕೆಳಗಾದ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಈಗ ಮಸೂರವನ್ನು ಮುಟ್ಟದೆ ಕೇಳಿ: ಮೇಲಿನರ್ಧ ಮುಚ್ಚಿದರೆ ಏನಾಗುತ್ತದೆ? ‘ಮೇಲಿನರ್ಧ ಹೋಗುತ್ತದೆ’, ‘ಕೆಳಗಿನರ್ಧ ಹೋಗುತ್ತದೆ’, ‘ಪೂರ್ತಿ ಇರುತ್ತದೆ’, ‘ಪೂರ್ತಿ ಹೋಗುತ್ತದೆ’ ಈ ನಾಲ್ಕರಲ್ಲಿ ಒಂದನ್ನು ಪ್ರತಿಯೊಬ್ಬರೂ ಕಾರಣ ಸಹಿತ ನೋಟ್‌ಪುಸ್ತಕದಲ್ಲಿ ಬರೆಯಬೇಕು. ಕೈ ಎತ್ತಿಸಿ ಸಂಖ್ಯೆಗಳನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆಯಿರಿ. ಸರಿ ಯಾವುದು, ತಪ್ಪು ಯಾವುದು ಎಂದು ಹೇಳಬೇಡಿ.

*ಹಂತ 2, ವೀಕ್ಷಣೆ:* ಕಪ್ಪು ರಟ್ಟನ್ನು ಮಸೂರಕ್ಕೆ ತಾಗಿಸಿ ಮೇಲಿನರ್ಧ ಮುಚ್ಚಿ. ಅಕ್ಷರ ಪೂರ್ತಿ ಇರುತ್ತದೆ, ಮಂಕಾಗುತ್ತದೆ. ಬೆಳಕು ಅರ್ಧಕ್ಕಿಳಿದರೂ ಕಣ್ಣಿಗೆ ಅಷ್ಟು ವ್ಯತ್ಯಾಸ ಕಾಣದಿರಬಹುದು. ಆದ್ದರಿಂದ ರಟ್ಟನ್ನು ನಾಲ್ಕೈದು ಬಾರಿ ಇಟ್ಟು ತೆಗೆದು ಹೋಲಿಸಲು ಹೇಳಿ. ಬಳಿಕ 1 ಸೆಂ.ಮೀ. ವ್ಯಾಸದ ರಂಧ್ರವಿರುವ ರಟ್ಟಿನಿಂದ ಮಸೂರವನ್ನು ಮುಚ್ಚಿ. ತೆರೆದಿರುವುದು ಮಸೂರದ ವಿಸ್ತೀರ್ಣದ 25ರಲ್ಲಿ ಒಂದು ಭಾಗ ಮಾತ್ರ. ಆದರೂ ಅಕ್ಷರದ ಯಾವ ಭಾಗವೂ ಕಡಿಮೆಯಾಗುವುದಿಲ್ಲ.

*ಹಂತ 3, ಎರಡು ರಂಧ್ರಗಳ ಪ್ರಯೋಗ:* ಪಾಠದ ತಿರುಳು ಇಲ್ಲಿದೆ. ಟ್ರೇಸಿಂಗ್ ಕಾಗದವನ್ನು ತೆಗೆದು, ಟಾರ್ಚನ್ನೇ 30 ಸೆಂ.ಮೀ. ದೂರಕ್ಕೆ ತನ್ನಿ. ಒಂದರ ಮೇಲೊಂದು, ಕೇಂದ್ರಗಳ ನಡುವೆ 2.5 ಸೆಂ.ಮೀ. ಅಂತರವಿರುವಂತೆ 1 ಸೆಂ.ಮೀ. ವ್ಯಾಸದ ಎರಡು ರಂಧ್ರಗಳಿರುವ ರಟ್ಟನ್ನು ಮಸೂರಕ್ಕೆ ತಾಗಿಸಿ. ಪರದೆ 15 ಸೆಂ.ಮೀ. ದೂರದಲ್ಲಿದ್ದಾಗ ಒಂದೇ ಬೆಳಕಿನ ಚುಕ್ಕೆ. ಪರದೆಯನ್ನು 20 ಸೆಂ.ಮೀ.ಗೆ ಸರಿಸಿದರೆ ಚುಕ್ಕೆ ಎರಡಾಗುತ್ತದೆ, 10 ಸೆಂ.ಮೀ.ಗೆ ತಂದರೂ ಎರಡೇ. ಈಗ ಮೇಲಿನ ರಂಧ್ರವನ್ನು ಬೆರಳಿನಿಂದ ಮುಚ್ಚಿಸಿ. ಪರದೆ 10 ಸೆಂ.ಮೀ.ನಲ್ಲಿದ್ದರೆ ಮೇಲಿನ ಚುಕ್ಕೆ ಹೋಗುತ್ತದೆ, 20 ಸೆಂ.ಮೀ.ನಲ್ಲಿದ್ದರೆ ಕೆಳಗಿನದು ಹೋಗುತ್ತದೆ. 15ರಲ್ಲಿ ಚುಕ್ಕೆ ಇದ್ದಲ್ಲೇ ಇದ್ದು ಮಂಕಾಗುತ್ತದೆ. ಕಿರಣಗಳು 15 ಸೆಂ.ಮೀ.ನಲ್ಲಿ ಸೇರಿ, ದಾಟಿ, ಮುಂದೆ ಹೋಗುತ್ತಿವೆ ಎಂಬುದನ್ನು ಮಕ್ಕಳೇ ಹೇಳುವವರೆಗೆ ಕಾಯಿರಿ.

*ಹಂತ 4, ಕಪ್ಪುಹಲಗೆ ಕೆಲಸ:* ವಸ್ತುವಿನ ತುದಿಯಿಂದ ಎರಡರ ಬದಲು ಆರು ಕಿರಣಗಳನ್ನು ಬರೆದು ಎಲ್ಲವನ್ನೂ ಪ್ರತಿಬಿಂಬದ ತುದಿಗೆ ಸೇರಿಸಿ. ಬುಡದಿಂದ ಆರನ್ನು ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯಿರಿ. ಡಸ್ಟರ್‌ನಿಂದ ಮಸೂರದ ಮೇಲಿನರ್ಧಕ್ಕೆ ಬಂದ ಕಿರಣಗಳನ್ನು ಅಳಿಸಿ, ಏನು ಉಳಿಯಿತೆಂದು ಕೇಳಿ. ಎರಡೂ ಬಣ್ಣಗಳು ಉಳಿದಿರುತ್ತವೆ.

ಇನ್ನೂ ಸಂಶಯವಿರುವವರಿಗೆ ಕಿಟಕಿಯಾಚೆಯ ತೆಂಗಿನ ಮರವನ್ನು ತೋರಿಸಿ. 50 ಮೀಟರ್ ದೂರದ, 10 ಮೀಟರ್ ಎತ್ತರದ ಮರದ ಪ್ರತಿಬಿಂಬ ಈ ಮಸೂರದಿಂದ ಸುಮಾರು 2 ಸೆಂ.ಮೀ. ಎತ್ತರಕ್ಕೆ ಬರುತ್ತದೆ. ಮರದ ತುದಿಯಿಂದ ಪ್ರಧಾನಾಕ್ಷಕ್ಕೆ ಸಮಾಂತರವಾಗಿ ಹೊರಟ ಕಿರಣ ಮಸೂರಕ್ಕಿಂತ ಎಷ್ಟೋ ಮೇಲೆ ಹಾದುಹೋಗುತ್ತದೆ. ಆ ‘ಮುಖ್ಯ’ ಕಿರಣ ಇಲ್ಲದೆಯೇ ತೆಂಗಿನ ಗರಿಗಳು ಪರದೆಯ ಮೇಲೆ ಮೂಡಿವೆ.

ಅನ್ವಯ

ಕ್ಯಾಮೆರಾದ ದ್ವಾರವನ್ನು ಎಫ್/2ರಿಂದ ಎಫ್/4ಕ್ಕೆ ಇಳಿಸಿದರೆ ವ್ಯಾಸ ಅರ್ಧವಾಗಿ, ಒಳಬರುವ ಬೆಳಕು ಕಾಲುಭಾಗವಾಗುತ್ತದೆ. ಫೋಟೋದ ಅಂಚುಗಳು ಕತ್ತರಿಸಿ ಹೋಗುವುದಿಲ್ಲ. ಕಣ್ಣಿನ ಪಾಪೆ ಸುಮಾರು 2 ಮಿ.ಮೀ.ನಿಂದ 8 ಮಿ.ಮೀ.ವರೆಗೆ ಹಿಗ್ಗಬಲ್ಲದು, ಅಂದರೆ ಬೆಳಕು 16 ಪಟ್ಟು ಬದಲಾಗಬಹುದು. ನಾವು ನೋಡುವ ದೃಶ್ಯ ಮಾತ್ರ ಕಿರಿದಾಗುವುದಿಲ್ಲ. ನಿಮ್ನ ದರ್ಪಣಕ್ಕೂ ಇದೇ ನಿಯಮ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ತಮಿಳುನಾಡಿನ ಕವಲೂರಿನಲ್ಲಿ ನಡೆಸುವ ವೇಣು ಬಾಪು ದೂರದರ್ಶಕದ ಪ್ರಧಾನ ದರ್ಪಣದ ವ್ಯಾಸ 2.34 ಮೀಟರ್. ಇಂತಹ ದೂರದರ್ಶಕಗಳಲ್ಲಿ ಪ್ರಧಾನ ದರ್ಪಣದ ಎದುರಿಗೆ, ನಟ್ಟ ನಡುವೆ ಚಿಕ್ಕ ದರ್ಪಣವೊಂದು ಅಡ್ಡ ಇರುತ್ತದೆ. ಅದು ಸ್ವಲ್ಪ ಬೆಳಕನ್ನು ತಡೆಯುತ್ತದೆ. ಚಂದ್ರನ ಚಿತ್ರದ ನಡುವೆ ಕಪ್ಪು ಮಚ್ಚೆ ಮೂಡಿಸುವುದಿಲ್ಲ.

ಎಡವುವ ಸ್ಥಳಗಳು

ರಟ್ಟು ಮಸೂರಕ್ಕೆ ತಾಗಿಯೇ ಇರಬೇಕು. ಅಕ್ಷರದ ಹತ್ತಿರ ಹಿಡಿದರೆ ಅಕ್ಷರದ ಅರ್ಧವೇ ಮುಚ್ಚುತ್ತದೆ, ಪರದೆಯ ಹತ್ತಿರ ಹಿಡಿದರೆ ಪ್ರತಿಬಿಂಬದ ಅರ್ಧ ಕತ್ತರಿಸುತ್ತದೆ. ಎಲ್ಲ ಬಿಂದುಗಳ ಬೆಳಕೂ ಒಂದೇ ಜಾಗವನ್ನು ಹಂಚಿಕೊಳ್ಳುವುದು ಮಸೂರದ ಬಳಿ.

ಟ್ರೇಸಿಂಗ್ ಕಾಗದದ ಬದಲು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಅಕ್ಷರ ಬರೆದರೆ ಪ್ರಯೋಗ ಕೈಕೊಡಬಹುದು. ಟಾರ್ಚಿನ ಚಿಕ್ಕ ಬಲ್ಬಿನಿಂದ ಹೊರಟ ಬೆಳಕು ಹಾಳೆಯ ಪ್ರತಿ ಬಿಂದುವನ್ನೂ ಒಂದೇ ದಿಕ್ಕಿನಲ್ಲಿ ಹಾದು, ಮಸೂರದ ಒಂದೊಂದೇ ಜಾಗಕ್ಕೆ ಬೀಳುತ್ತದೆ. ಆಗ ಅರ್ಧ ಮುಚ್ಚಿದರೆ ಪ್ರತಿಬಿಂಬದ ಒಂದು ಭಾಗ ನಿಜವಾಗಿಯೇ ಹೋಗುತ್ತದೆ. ಟ್ರೇಸಿಂಗ್ ಕಾಗದ ಬೆಳಕನ್ನು ಚದುರಿಸುವುದರಿಂದ ಪ್ರತಿ ಬಿಂದುವಿನ ಬೆಳಕೂ ಮಸೂರವಿಡೀ ತಲುಪುತ್ತದೆ. ಸಮಯವಿದ್ದರೆ ಎರಡನ್ನೂ ತೋರಿಸಿ. ಚುರುಕಾದ ಮಕ್ಕಳಿಗೆ ಇದೇ ಒಳ್ಳೆಯ ಸವಾಲು.

ಮಸೂರದ ಮೂಲಕ ಯಾರೂ ಸೂರ್ಯನನ್ನು ನೋಡಬಾರದು ಎಂದು ಮೊದಲೇ ಎಚ್ಚರಿಸಿ. ಟಾರ್ಚನ್ನೂ ಕಣ್ಣಿಗೆ ಹಿಡಿಯಬಾರದು.

ಮೌಲ್ಯಮಾಪನ

1. ಕ್ಯಾಮೆರಾದ ಮಸೂರದ ಮೇಲೆ ಕೂತ ಧೂಳಿನ ಕಣ ಫೋಟೋದಲ್ಲಿ ಚುಕ್ಕೆಯಾಗಿ ಕಾಣುವುದಿಲ್ಲ. ಏಕೆ?
2. ಮಸೂರದ ನಡುಭಾಗಕ್ಕೆ ನಾಣ್ಯ ಅಂಟಿಸಿದರೆ ಪ್ರತಿಬಿಂಬ ಹೇಗಿರುತ್ತದೆ? ಕಿರಣ ಚಿತ್ರ ಬರೆಯಿರಿ.
3. ಮಸೂರವನ್ನೇ ತೆಗೆದುಬಿಟ್ಟರೆ ಪರದೆಯ ಮೇಲೆ ಏನು ಕಾಣುತ್ತದೆ? ಕಾರಣ ಕೊಡಿ.

ಮರುಪಾಠದ ನಂತರ

ಮರುದಿನ ಅದೇ ಪ್ರಶಿಕ್ಷಣಾರ್ಥಿ ಅದೇ ತರಗತಿಗೆ ಹೋಗಿ, “ನಿನ್ನೆ ನಾನು ಹೇಳಿದ ಉತ್ತರ ತಪ್ಪಿತ್ತು, ಇವತ್ತು ನಾವೇ ಮಾಡಿ ನೋಡೋಣ” ಎಂದು ಪಾಠ ಆರಂಭಿಸಿದರು. ಪ್ರಶ್ನೆ ಕೇಳಿದ್ದ ಹುಡುಗಿಯ ಕೈಗೇ ರಟ್ಟನ್ನು ಕೊಟ್ಟರು. ಅವಧಿ ಸಾಲದೆ ಅನ್ವಯದ ಭಾಗವನ್ನು ಮುಂದಿನ ದಿನಕ್ಕೆ ಉಳಿಸಬೇಕಾಯಿತು. ಮೇಲಿನ ಯೋಜನೆಯನ್ನು ಬಳಸುವವರು ಬೇಕಿದ್ದರೆ ಎರಡು ಅವಧಿಗಳನ್ನು ತೆಗೆದುಕೊಳ್ಳಲಿ, ಆದರೆ ಹಂತ 1 ಮತ್ತು 3ನ್ನು ಬಿಡದಿರಲಿ.

ನಮ್ಮ ವೀಕ್ಷಣಾ ನಮೂನೆಗೆ ಈಗ ಒಂದು ಸಾಲು ಸೇರಿಸಿದ್ದೇವೆ: ‘ವಿದ್ಯಾರ್ಥಿ ಕೇಳಿದ ಪ್ರಶ್ನೆ ಯಾವುದು? ಅದನ್ನು ಪರೀಕ್ಷಿಸಲು ಉಪಕರಣವನ್ನು ಬಳಸಲಾಯಿತೇ?’ ಮೇಲ್ವಿಚಾರಕರು ಈ ಸಾಲನ್ನು ಖಾಲಿ ಬಿಡುವಂತಿಲ್ಲ.