ಹಠಾತ್ ಬ್ರೇಕು ಮತ್ತು ಅಪಘಾತದ ಹೊಣೆ

ರಸ್ತೆಯಲ್ಲಿ ಒಂದರ ಹಿಂದೊಂದು ಸಾಗುತ್ತಿರುವ ಎರಡು ವಾಹನಗಳಲ್ಲಿ ಮುಂದಿನದು ಥಟ್ಟನೆ ನಿಂತು ಹಿಂದಿನದು ಅದಕ್ಕೆ ಅಪ್ಪಳಿಸಿತೆಂದರೆ, ಅಲ್ಲಿ ನೆರೆದ ಜನ ತೀರ್ಪು ಕೊಡಲು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ‘ಹಿಂದಿನಿಂದ ಬಂದು ಗುದ್ದಿದವನದೇ ತಪ್ಪು’ ಎಂಬುದು ಆ ತೀರ್ಪು. ಯಾವ ವಾಹನದ ಮೂತಿ ಜಜ್ಜಿಹೋಗಿದೆಯೋ ಅದರ ಚಾಲಕನೇ ಅಪರಾಧಿ ಎಂಬ ಈ ಲೋಕಾಭಿಪ್ರಾಯದಲ್ಲಿ ಸತ್ಯಾಂಶ ಬಹಳಷ್ಟಿದೆ; ಆದರೆ ಅದು ಪೂರ್ಣಸತ್ಯವಲ್ಲ. ಮುಂದಿನವನು ಏಕೆ ನಿಂತ, ಹೇಗೆ ನಿಂತ, ನಿಲ್ಲುವ ಮುನ್ನ ಯಾವ ಸೂಚನೆ ಕೊಟ್ಟ ಎಂಬ ಪ್ರಶ್ನೆಗಳನ್ನು ಜನ ಕೇಳದಿದ್ದರೂ ಕಾನೂನು ಕೇಳುತ್ತದೆ. ಆ ಉತ್ತರಗಳ ಮೇಲೆ ಗಾಯಗೊಂಡವನ ಮನೆಯವರ ಮುಂದಿನ ಬಾಳು ನಿಂತಿರುವುದರಿಂದ ಈ ವಿಚಾರ ಕೇವಲ ವಕೀಲರ ತರ್ಕಕ್ಕೆ ಸೇರಿದ್ದಲ್ಲ.

ನಮ್ಮ ದೇಶದಲ್ಲಿ 1939ರ ಮೋಟಾರು ವಾಹನ ಕಾಯಿದೆಯ ಸ್ಥಾನದಲ್ಲಿ 1988ರ ಕಾಯಿದೆ ಬಂದು, 1989ರ ಜುಲೈ 1ರಿಂದ ಜಾರಿಯಾಯಿತು. ಅದರ ಅಡಿಯಲ್ಲಿ ರಚಿತವಾದ 1989ರ ರಸ್ತೆ ನಿಯಮಗಳಲ್ಲಿ 23 ಮತ್ತು 24ನೆಯವು ಅಕ್ಕಪಕ್ಕದಲ್ಲಿಯೇ ಇದ್ದುವು. ಮುಂದಿನ ವಾಹನ ಇದ್ದಕ್ಕಿದ್ದಂತೆ ವೇಗ ತಗ್ಗಿಸಿದರೂ ನಿಂತರೂ ಡಿಕ್ಕಿಯಾಗದಷ್ಟು ಅಂತರವನ್ನು ಹಿಂದಿನ ಚಾಲಕ ಕಾಯ್ದುಕೊಳ್ಳಬೇಕೆಂದು 23ನೆಯದು ವಿಧಿಸಿತ್ತು. ಸುರಕ್ಷತೆಯ ದೃಷ್ಟಿಯಿಂದ ಅವಶ್ಯವಾದ ಹೊರತು ಯಾವ ಚಾಲಕನೂ ಹಠಾತ್ತನೆ ಬ್ರೇಕು ಹಾಕಕೂಡದೆಂದು 24ನೆಯದು ವಿಧಿಸಿತ್ತು. 2017ರಲ್ಲಿ ಈ ನಿಯಮಗಳ ಬದಲಿಗೆ ಹೊಸ ಚಾಲನಾ ನಿಯಮಗಳು ಬಂದರೂ ಎರಡು ಕರ್ತವ್ಯಗಳೂ ಹಾಗೆಯೇ ಉಳಿದಿವೆ. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಒಂದು ನಿಯಮ ಇನ್ನೊಂದನ್ನು ರದ್ದುಮಾಡುವುದಿಲ್ಲ. ‘ಅವನು ದೂರದಲ್ಲಿರಬೇಕಿತ್ತು’ ಎಂದು ಮುಂದಿನವನು ತನ್ನ ತಪ್ಪಿನಿಂದ ನುಣುಚಿಕೊಳ್ಳುವಂತಿಲ್ಲ; ‘ಅವನು ನಿಲ್ಲಬಾರದಿತ್ತು’ ಎಂದು ಹಿಂದಿನವನೂ ಪೂರ್ತಿಯಾಗಿ ಪಾರಾಗುವಂತಿಲ್ಲ.

ಮೊದಲನೆಯ ನಿಯಮದ ಹಿಂದೆ ಇರುವುದು ಶುದ್ಧ ಗಣಿತ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಮುಂದಿನ ವಾಹನದ ಕೆಂಪು ದೀಪವನ್ನು ಕಣ್ಣು ಕಂಡು, ಮನಸ್ಸು ಗ್ರಹಿಸಿ, ಕಾಲು ಬ್ರೇಕಿನ ಮೇಲೆ ಬೀಳುವುದಕ್ಕೆ ಜಾಗರೂಕನಾದ ಚಾಲಕನಿಗೂ ಹೆಚ್ಚುಕಡಿಮೆ ಒಂದು ಸೆಕೆಂಡು ಬೇಕು. ಅಷ್ಟರಲ್ಲಿ ಆ 17 ಮೀಟರ್ ಕಳೆದುಹೋಗಿರುತ್ತದೆ. ವಾಹನ ನಿಧಾನವಾಗಲು ತೊಡಗುವುದೇ ಅದರ ಬಳಿಕ. ನಿಲ್ಲಲು ಬೇಕಾದ ದೂರವಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಒಣ ಡಾಂಬರು ರಸ್ತೆಯಲ್ಲಿ 40 ಕಿಲೋಮೀಟರ್ ವೇಗದ ಕಾರು ಬ್ರೇಕು ಹಿಡಿದ ಮೇಲೆ ಸುಮಾರು 9 ಮೀಟರಿನಲ್ಲಿ ನಿಂತರೆ, 80ರ ವೇಗದಲ್ಲಿ ಅದಕ್ಕೆ 18 ಅಲ್ಲ, ಸುಮಾರು 35 ಮೀಟರ್ ಬೇಕಾಗುತ್ತದೆ. ಹಗುರವಾದ ಕಾರಿನ ಹಿಂದೆ ಕಬ್ಬು ತುಂಬಿದ ಲಾರಿ ಬರುತ್ತಿದ್ದರೆ ಎರಡರ ಬ್ರೇಕಿನ ಸಾಮರ್ಥ್ಯವೂ ಒಂದೇ ಆಗಿರುವುದಿಲ್ಲ. ಮಳೆಗಾಲದ ಮಾತು ಬೇರೆಯೇ. ಮುಂದಿನ ವಾಹನ ಒಂದು ಗುರುತನ್ನು, ಹೇಳುವುದಾದರೆ ಒಂದು ಮೈಲಿಗಲ್ಲನ್ನು, ದಾಟಿದ ಮೇಲೆ ಕನಿಷ್ಠ ಎರಡು ಸೆಕೆಂಡಾದರೂ ಕಳೆದು ತಾನು ಅದನ್ನು ದಾಟಬೇಕೆಂದು ಚಾಲಕರಿಗೆ ಕಲಿಸುವ ಪದ್ಧತಿ ಈ ಲೆಕ್ಕದಿಂದ ಹುಟ್ಟಿದ್ದು.

2018ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ತೀರ್ಮಾನವಾದ ಒಂದು ಮೊಕದ್ದಮೆಯಲ್ಲಿ ಈ ಗಣಿತವೇ ನಿರ್ಣಾಯಕವಾಯಿತು. ಉತ್ತರಾಖಂಡದಿಂದ ಬಂದ ಆ ಪ್ರಕರಣದಲ್ಲಿ ಲಾರಿಯೊಂದನ್ನು ಹಿಂಬಾಲಿಸುತ್ತಿದ್ದ ಕಾರು, ಲಾರಿ ಹಠಾತ್ತನೆ ಬ್ರೇಕು ಹಾಕಿದಾಗ ಅದಕ್ಕೆ ಬಡಿಯಿತು. ಎರಡಕ್ಕೂ ನಡುವೆ ಇದ್ದುದು ಹತ್ತರಿಂದ ಹದಿನೈದು ಅಡಿ. ಅಷ್ಟು ಅಂತರ ಸುರಕ್ಷಿತವೆನಿಸಲಾರದೆಂದು 23ನೆಯ ನಿಯಮವನ್ನು ಆಧರಿಸಿ ಹೇಳಿದ ನ್ಯಾಯಾಲಯ, ಲಾರಿ ಚಾಲಕನ ತಪ್ಪು ಸಿದ್ಧವಾಗಿಲ್ಲವೆಂಬ ಕೆಳಗಿನ ತೀರ್ಮಾನವನ್ನೇ ಎತ್ತಿಹಿಡಿಯಿತು. 60ರ ವೇಗದಲ್ಲಿ ಹದಿನೈದು ಅಡಿ ಸವೆಯಲು ಸೆಕೆಂಡಿನ ಮೂರನೆಯ ಒಂದು ಪಾಲೂ ಬೇಡವೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಿ ನೋಡಬಹುದು.

ಹಾಗಾದರೆ ಎರಡನೆಯ ನಿಯಮಕ್ಕೆ ಬೆಲೆಯಿಲ್ಲವೇ? ಅದರ ಜೀವ ಇರುವುದು ‘ಸುರಕ್ಷತೆಗಾಗಿ ಅವಶ್ಯ’ ಎಂಬ ಮಾತಿನಲ್ಲಿ. ಅಡ್ಡ ಓಡಿಬಂದ ಮಗುವನ್ನು ಉಳಿಸಲು ಬ್ರೇಕು ಹಾಕಿದವನನ್ನು ಯಾವ ನ್ಯಾಯಾಲಯವೂ ದೂಷಿಸಲಾರದು. ದನ ಅಡ್ಡಬಂದಾಗ, ಎದುರಿನ ವಾಹನ ದಿಕ್ಕುತಪ್ಪಿ ಬಂದಾಗಲೂ ಅಷ್ಟೆ. ಆದರೆ ರಸ್ತೆಬದಿಯಲ್ಲಿ ಪರಿಚಿತರು ಕಂಡರೆಂದು, ತಿರುವು ತಪ್ಪಿತೆಂದು, ಕೈ ಎತ್ತಿದ ಪ್ರಯಾಣಿಕನನ್ನು ಬಿಡಬಾರದೆಂದು ನಡುರಸ್ತೆಯಲ್ಲಿ ಥಟ್ಟನೆ ನಿಲ್ಲುವುದು ಈ ಮಾತಿನ ಆಶ್ರಯಕ್ಕೆ ಬಾರದು. ವಾಹನವನ್ನು ನಿಧಾನ ಮಾಡುವವನು ಬಲಗೈಯನ್ನು ಹೊರಚಾಚಿ, ಅಂಗೈಯನ್ನು ಕೆಳಮುಖವಾಗಿ ಹಿಡಿದು, ಮೇಲಕ್ಕೂ ಕೆಳಕ್ಕೂ ಆಡಿಸಬೇಕೆಂದು ಹಿಂದಿನ ತಲೆಮಾರಿನ ಚಾಲಕರಿಗೆ ಕಲಿಸುತ್ತಿದ್ದರು. ದೀಪಗಳು ಬಂದ ಮೇಲೆ ಆ ಕೈಸನ್ನೆ ಮರೆಯಾಗುತ್ತ ಬಂದಿತು. ಸೂಚನೆ ಕೊಡುವ ಕರ್ತವ್ಯ ಮರೆಯಾಗಿಲ್ಲ. ಬ್ರೇಕು ಒತ್ತಿದಾಗಲೇ ಹೊತ್ತುವ ಕೆಂಪು ದೀಪವನ್ನು ಮುನ್ಸೂಚನೆ ಎನ್ನಲಾಗದು, ಅದು ಆಗುತ್ತಿರುವುದರ ವರದಿ ಮಾತ್ರ.

ಈ ತತ್ತ್ವಕ್ಕೆ ಸ್ಪಷ್ಟವಾದ ನಿದರ್ಶನ 2025ರ ಜುಲೈ ತಿಂಗಳಲ್ಲಿ ಹೊರಬಂದ ಸರ್ವೋಚ್ಚ ನ್ಯಾಯಾಲಯದ ಇನ್ನೊಂದು ತೀರ್ಪು. ಕೊಯಮತ್ತೂರಿನಲ್ಲಿ 2017ರ ಜನವರಿಯಲ್ಲಿ ನಡೆದ ಘಟನೆ ಅದು. ಇಂಜಿನಿಯರಿಂಗ್ ಓದುತ್ತಿದ್ದ ತರುಣನೊಬ್ಬ ಮೋಟಾರು ಸೈಕಲಿನಲ್ಲಿ ಹೋಗುತ್ತಿದ್ದಾಗ ಮುಂದಿದ್ದ ಕಾರು ಹೆದ್ದಾರಿಯ ಮೇಲೆ ಇದ್ದಕ್ಕಿದ್ದಂತೆ ನಿಂತಿತು. ತರುಣ ಅದಕ್ಕೆ ಬಡಿದು ರಸ್ತೆಗೆ ಬಿದ್ದ. ಹಿಂದಿನಿಂದ ಬಂದ ಬಸ್ಸು ಅವನ ಮೇಲೆ ಹರಿಯಿತು. ಎಡಗಾಲನ್ನು ಕತ್ತರಿಸಬೇಕಾಯಿತು. ಗರ್ಭಿಣಿಯಾಗಿದ್ದ ಹೆಂಡತಿಗೆ ವಾಂತಿ ಬರುವಂತಾದುದರಿಂದ ಕಾರು ನಿಲ್ಲಿಸಿದೆನೆಂದು ಕಾರಿನ ಚಾಲಕ ವಿವರಿಸಿದ. ಮನುಷ್ಯಸಹಜವಾದ ಈ ಕಾರಣ ಸಹಾನುಭೂತಿಗೆ ಅರ್ಹವಾದುದೇ ಸರಿ. ಆದರೆ ಅದು ರಸ್ತೆಯ ಅಂಚಿಗೆ ಸರಿದು ನಿಲ್ಲಲು ಕಾರಣವಾದೀತೇ ಹೊರತು, ಹಿಂದಿನವರಿಗೆ ಯಾವ ಸುಳಿವೂ ಕೊಡದೆ ಹೆದ್ದಾರಿಯ ನಡುವೆ ನಿಲ್ಲಲು ಕಾರಣವಾಗದು. ಹೆದ್ದಾರಿಯೆಂದರೆ ವಾಹನಗಳು ವೇಗವಾಗಿಯೇ ಬರುವ ಸ್ಥಳ. ಅಲ್ಲಿ ನಿಲ್ಲಬಯಸುವವನು ಹಿಂದೆ ಬರುವವರಿಗೆ ಎಚ್ಚರಿಕೆ ಕೊಡಲೇಬೇಕೆಂಬುದು ನ್ಯಾಯಾಲಯದ ನಿಲುವಾಯಿತು.

ಈ ಮೊಕದ್ದಮೆ ಮೂರು ಮೆಟ್ಟಿಲುಗಳನ್ನು ಏರಿದ ಬಗೆ ಅಧ್ಯಯನಯೋಗ್ಯವಾಗಿದೆ. ಕೆಳಗಿನ ನ್ಯಾಯಮಂಡಳಿ ಕಾರಿನವನದು ಏನೂ ತಪ್ಪಿಲ್ಲವೆಂದಿತ್ತು; ಮೇಲೆ ಹೇಳಿದ ಲೋಕಾಭಿಪ್ರಾಯವೇ ಅಲ್ಲಿಯೂ ಕೆಲಸ ಮಾಡಿದಂತೆ ತೋರುತ್ತದೆ. ಮದ್ರಾಸ್ ಉಚ್ಚ ನ್ಯಾಯಾಲಯ ಕಾರಿಗೆ ಶೇಕಡಾ 40, ಬಸ್ಸಿಗೆ 30, ತರುಣನಿಗೆ 30ರಂತೆ ಹೊಣೆಯನ್ನು ಹಂಚಿತು. ಸರ್ವೋಚ್ಚ ನ್ಯಾಯಾಲಯ ಅದನ್ನು ಮಾರ್ಪಡಿಸಿ ಕಾರಿಗೆ 50, ಬಸ್ಸಿಗೆ 30, ತರುಣನಿಗೆ 20 ಎಂದು ಗೊತ್ತುಪಡಿಸಿತು. ಒಟ್ಟು ಪರಿಹಾರ ಸುಮಾರು 1 ಕೋಟಿ 14 ಲಕ್ಷ ರೂಪಾಯಿ ಎಂದು ಎಣಿಸಿ, ಅವನ ಪಾಲಿನ ಶೇಕಡಾ 20ನ್ನು ಕಳೆದು, ಉಳಿದ ಸುಮಾರು 91 ಲಕ್ಷವನ್ನು ಎರಡೂ ವಾಹನಗಳ ವಿಮಾ ಕಂಪನಿಗಳು ಬಡ್ಡಿಸಹಿತ ಕೊಡಬೇಕೆಂದು ಆಜ್ಞಾಪಿಸಿತು. ಸಾಕಷ್ಟು ಅಂತರ ಬಿಡದಿದ್ದುದು, ಚಾಲನಾ ಪರವಾನಗಿ ಇಲ್ಲದಿದ್ದುದು, ಇವೆರಡರಿಂದ ಆ ತರುಣ ಕಳೆದುಕೊಂಡದ್ದು ಹತ್ತಿರ ಹತ್ತಿರ 23 ಲಕ್ಷ. ಕಾಗದದ ಮೇಲೆ ‘ಶೇಕಡಾ ಇಷ್ಟು’ ಎಂದು ಕಾಣುವ ಅಂಕಿ, ಕಾಲು ಕಳೆದುಕೊಂಡವನ ಬಾಳಿನಲ್ಲಿ ಎಷ್ಟು ತೂಕದ್ದೆಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ.

ಹೊಣೆಯನ್ನು ಹೀಗೆ ಪಾಲುಹಾಕುವ ಪದ್ಧತಿ ಬಹಳ ಹಳೆಯದೇನಲ್ಲ. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಗಾಯಗೊಂಡವನದು ಅಲ್ಪಸ್ವಲ್ಪ ತಪ್ಪಿದ್ದರೂ ಅವನಿಗೆ ಏನೂ ದಕ್ಕುತ್ತಿರಲಿಲ್ಲ. ಈ ಕಠೋರತೆಯನ್ನು ಸಡಿಲಿಸಲು ಅಲ್ಲಿನ ನ್ಯಾಯಾಧೀಶರು ಒದ್ದಾಡಿದ್ದುಂಟು. 1842ರ ಒಂದು ಪ್ರಸಿದ್ಧ ಮೊಕದ್ದಮೆಯಲ್ಲಿ, ಮುಂಗಾಲು ಕಟ್ಟಿ ರಸ್ತೆಯಲ್ಲಿ ಮೇಯಲು ಬಿಟ್ಟಿದ್ದ ಕತ್ತೆಯ ಮೇಲೆ ಕುದುರೆ ಗಾಡಿ ಹರಿಯಿತು. ಕತ್ತೆಯನ್ನು ಹಾಗೆ ಬಿಟ್ಟದ್ದು ಒಡೆಯನ ತಪ್ಪಾದರೂ, ಎಚ್ಚರದಿಂದಿದ್ದರೆ ಗಾಡಿಯವನು ಅದನ್ನು ತಪ್ಪಿಸಬಹುದಿತ್ತೆಂದು ಹೇಳಿ ಒಡೆಯನಿಗೆ ಪರಿಹಾರ ಕೊಡಿಸಲಾಯಿತು. ಪಾಲಿಗೆ ತಕ್ಕಂತೆ ಪರಿಹಾರವನ್ನು ಇಳಿಸುವ ಕಾಯಿದೆ ಆ ದೇಶದಲ್ಲಿ ಬಂದುದು 1945ರಲ್ಲಿ. ನಮ್ಮ ನ್ಯಾಯಮಂಡಳಿಗಳೂ ಈಗ ಪಾಲಿನ ಮಾರ್ಗವನ್ನೇ ಅನುಸರಿಸುತ್ತವೆ. ಇದಕ್ಕೆ ಸಹಭಾಗಿ ನಿರ್ಲಕ್ಷ್ಯವೆಂದು ಹೆಸರು.

ಇಬ್ಬರು ಚಾಲಕರ ತಪ್ಪಿನಿಂದ ಮೂರನೆಯವನೊಬ್ಬ, ಎಂದರೆ ಏನೂ ತಪ್ಪುಮಾಡದ ಪ್ರಯಾಣಿಕನೋ ದಾರಿಹೋಕನೋ, ಗಾಯಗೊಂಡರೆ ಲೆಕ್ಕ ಬೇರೆ. ಅವನ ಪರಿಹಾರದಲ್ಲಿ ಕಾಸೂ ಕಡಿತವಾಗದು. ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ಣ ಹಣವನ್ನು ಅವನು ವಸೂಲುಮಾಡಬಹುದು. ಕೊಟ್ಟವರು ಆಮೇಲೆ ಇನ್ನೊಬ್ಬರಿಂದ ಪಾಲು ಕೇಳಿಕೊಳ್ಳಲಿ ಎಂಬುದು ಕ್ರಮ. ಕರ್ನಾಟಕ ಉಚ್ಚ ನ್ಯಾಯಾಲಯದ ಪೂರ್ಣಪೀಠ ಎತ್ತಿಹಿಡಿದಿದ್ದ ಈ ತತ್ತ್ವವನ್ನು 2015ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ದೃಢಪಡಿಸಿತು. ಬಸ್ಸಿನಲ್ಲಿ ನಿಂತು ಪ್ರಯಾಣಿಸುತ್ತಿರುವ ವೃದ್ಧೆ ಅಕಾರಣವಾದ ಬ್ರೇಕಿನ ಎಳೆತಕ್ಕೆ ಮುಗ್ಗರಿಸಿ ಬಿದ್ದು ಸೊಂಟ ಮುರಿದುಕೊಂಡರೆ, ಅಲ್ಲಿ ಡಿಕ್ಕಿಯೇ ನಡೆದಿರದಿದ್ದರೂ ಹಠಾತ್ ಬ್ರೇಕಿನ ಹೊಣೆ ಇದ್ದೇ ಇರುತ್ತದೆಂಬುದನ್ನೂ ಇಲ್ಲಿಯೇ ಹೇಳಬೇಕು.

ಇಷ್ಟು ಹೊತ್ತು ಹೇಳಿದ್ದು ಪರಿಹಾರದ ಮಾತು. ದಂಡನೆಯ ಮಾತು ಬೇರೆ. ಹಿಂದಿನವನು ಹಾರನ್ನು ಬಾರಿಸಿದನೆಂದೋ ದೀಪ ಮಿಣುಕಿಸಿದನೆಂದೋ ಕೆರಳಿ, ಅವನಿಗೆ ಬುದ್ಧಿ ಕಲಿಸುವೆನೆಂದು ಮುಂದೆ ಬಂದು ಬ್ರೇಕು ಹಾಕುವವರ ಕೃತ್ಯವನ್ನು ನಿರ್ಲಕ್ಷ್ಯವೆನ್ನುವುದಕ್ಕೂ ಮನಸ್ಸು ಬಾರದು. ಅದು ಕೋಪದ ಕೆಲಸ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೆಯ ಪ್ರಕರಣದಂತೆ ಜೀವಕ್ಕೆ ಅಪಾಯವಾಗುವಂತೆ ವಾಹನ ನಡೆಸುವುದಕ್ಕೆ ಆರು ತಿಂಗಳವರೆಗೆ ಸೆರೆವಾಸವುಂಟು. ನಿರ್ಲಕ್ಷ್ಯದಿಂದ ಮರಣವುಂಟಾದರೆ 106ನೆಯ ಪ್ರಕರಣದಂತೆ ಐದು ವರ್ಷಗಳವರೆಗೆ. ಹಿಂದಿನ ದಂಡ ಸಂಹಿತೆಯಲ್ಲಿ ಇದು ಎರಡು ವರ್ಷವಿತ್ತು. ಬೇಕೆಂದೇ ಮಾಡಿದ್ದೆಂಬುದು ರುಜುವಾತಾದರೆ ಇನ್ನೂ ಗುರುತರವಾದ ಆರೋಪಗಳಿಗೆ ಎಡೆಯಾಗುತ್ತದೆ. ರುಜುವಾತು ಮಾತ್ರ ಸುಲಭವಲ್ಲ.

ಏಕೆಂದರೆ ಬ್ರೇಕಿನ ಕ್ಷಣಕ್ಕೆ ಸಾಕ್ಷಿ ಹೇಳುವವರು ವಿರಳ. ಪೋಲೀಸರ ಪ್ರಥಮ ವರ್ತಮಾನ ವರದಿಯಲ್ಲಿ ‘ಅತಿವೇಗ ಮತ್ತು ನಿಷ್ಕಾಳಜಿತನದಿಂದ’ ಎಂಬ ಸಿದ್ಧವಾಕ್ಯ ಸಾಮಾನ್ಯವಾಗಿ ಹಿಂದಿನವನ ಹೆಸರಿಗೇ ಅಂಟಿಕೊಳ್ಳುತ್ತದೆ. ನ್ಯಾಯಮಂಡಳಿ ಆ ವಾಕ್ಯಕ್ಕೆ ಕಟ್ಟುಬಿದ್ದಿಲ್ಲ. ಸ್ಥಳ ಪಂಚನಾಮೆ, ಕೈನಕ್ಷೆ, ರಸ್ತೆಯ ಮೇಲಿನ ಟಯರಿನ ಉಜ್ಜುಗುರುತು, ವಾಹನಗಳು ಜಖಂಗೊಂಡ ರೀತಿ, ಮೋಟಾರು ವಾಹನ ನಿರೀಕ್ಷಕರ ವರದಿ, ಇವೆಲ್ಲವನ್ನೂ ಕೂಡಿಸಿ ನೋಡಿ, ಹೀಗೆ ನಡೆದಿರುವ ಸಂಭವ ಹೆಚ್ಚು ಎನಿಸಿದ ಪಕ್ಷವನ್ನು ಅದು ಸ್ವೀಕರಿಸುತ್ತದೆ. ಕ್ರಿಮಿನಲ್ ನ್ಯಾಯಾಲಯ ಬಯಸುವಷ್ಟು ನಿಸ್ಸಂದೇಹವಾದ ರುಜುವಾತನ್ನು ಅಲ್ಲಿ ಕೇಳುವುದಿಲ್ಲ. ಆದುದರಿಂದ ವಾಹನಗಳನ್ನು ಸರಿಸುವ ಮುನ್ನ ತೆಗೆದ ನಾಲ್ಕು ಛಾಯಾಚಿತ್ರಗಳು, ನೋಡಿದವರ ಹೆಸರು, ವಿಳಾಸ, ಇವು ಎಷ್ಟೋ ವೇಳೆ ವಕೀಲರ ವಾದಕ್ಕಿಂತ ಹೆಚ್ಚು ಉಪಕಾರ ಮಾಡುತ್ತವೆ. ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸುವುದು ಅದಕ್ಕೂ ಮೊದಲಿನ ಕೆಲಸವೆಂದು ಬೇರೆ ಹೇಳಬೇಕಾಗಿಲ್ಲ. ಕಾಯಿದೆಯ 134ನೆಯ ಪ್ರಕರಣ ಅದನ್ನು ಚಾಲಕನ ಕರ್ತವ್ಯವಾಗಿಯೇ ವಿಧಿಸಿದೆ.

ಜಾತ್ರೆಯ ದಿನಗಳಲ್ಲಿ ಮಠಗಳತ್ತ ಸಾಗುವ ಟ್ರ್ಯಾಕ್ಟರುಗಳ ಟ್ರೇಲರಿಗೆ ಹಿಂದೀಪವೇ ಇಲ್ಲದಿರುವುದು ಅಪರೂಪವಲ್ಲ. ಅಂಥ ಟ್ರೇಲರು ಕತ್ತಲಲ್ಲಿ ನಿಂತರೆ ಹಿಂದಿನವನಿಗೆ ಕೆಂಪು ದೀಪದ ಆ ಕೊನೆಯ ವರದಿಯೂ ತಲಪುವುದಿಲ್ಲ. ಹೊಣೆಯ ಪಾಲು ಎಣಿಸುವಾಗ ನ್ಯಾಯಮಂಡಳಿ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಹತ್ತಿರವಾದ ಅಂಶ ಪರವಾನಗಿಯದು. ಪರವಾನಗಿ ಇಲ್ಲವೆಂಬ ಮಾತ್ರಕ್ಕೆ ನಿರ್ಲಕ್ಷ್ಯ ಸಿದ್ಧವಾಗುವುದಿಲ್ಲವೆಂದು 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದುಂಟು. ಆದರೂ ಕೊಯಮತ್ತೂರಿನ ತರುಣನ ವಿಷಯದಲ್ಲಿ, ಅಂತರ ಬಿಡದ ತಪ್ಪಿನ ಜೊತೆಗೆ ಅದೂ ಎಣಿಕೆಗೆ ಬಂತು. ಹದಿನೆಂಟು ತುಂಬದವನ ಕೈಗೆ ಗೇರಿನ ಮೋಟಾರು ಸೈಕಲನ್ನು ಕೊಡುವ ಮನೆಯವರಿಗೆ 2019ರ ತಿದ್ದುಪಡಿ ಇನ್ನೂ ಕಟುವಾಗಿದೆ. ಅದರಂತೆ ಸೇರಿಸಲಾದ 199ಎ ಪ್ರಕರಣದಲ್ಲಿ, ಅಪ್ರಾಪ್ತ ವಯಸ್ಕ ಎಸಗಿದ ಅಪರಾಧಕ್ಕೆ ಪೋಷಕ ಅಥವಾ ವಾಹನದ ಒಡೆಯನೇ ತಪ್ಪಿತಸ್ಥನೆನಿಸುತ್ತಾನೆ. ತನಗೆ ತಿಳಿಯದೆ ನಡೆಯಿತೆಂದು, ಇಲ್ಲವೆ ತಾನು ತಡೆಯಲು ತಕ್ಕಷ್ಟು ಯತ್ನಿಸಿದ್ದೆನೆಂದು ತೋರಿಸುವ ಭಾರವೂ ಅವನದೇ. ಶಿಕ್ಷೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ. ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಪರವಾನಗಿ ದೊರೆಯುವುದಿಲ್ಲ.