ಸೊಟ್ಟ ಹೊಲಕ್ಕೆ ಸರಿಯಾದ ಲೆಕ್ಕ

ಎದುರುಬದುರು ಬದುಗಳನ್ನು ಕೂಡಿಸಿ ಅರ್ಧ ಮಾಡೋದು, ಎರಡನ್ನೂ ಗುಣಿಸೋದು. ಇದು ನಮ್ಮ ಕಡೆ ಹೊಲ ಅಳೆಯೋ ರೂಢಿ. ಇದೇ ಲೆಕ್ಕದ ಮೇಲೆ ಒಂದು ಹೊಲ ಮೂರು ವರ್ಷಕ್ಕೆ ಲಾವಣಿ ಹಿಡಿದೆ. ಬದುಗಳು 300, 170, 291½, 150 ಅಡಿ. ಬಂದದ್ದು 43 ಗುಂಟೆ. ಎಕರೆಗೆ ಮೂರು ಕಿಲೊದಂತೆ ಜೋಳ ಬಿತ್ತಿದರೆ ಅರ್ಧ ಕಿಲೊಗೂ ಮೇಲೆ ಬೀಜ ಉಳೀತು. ಆಗ ಅನುಮಾನ ಬಂತು.

ಮತ್ತೆ ಅಳೆದ ರೀತಿ ಹೀಗೆ. 300 ಅಡಿ ಬದುವಿಗೆ ಹಗ್ಗ ಬಿಗಿದೆ. ಅದರ ಒಂದು ತುದಿ ‘ಅ’, ಇನ್ನೊಂದು ‘ಆ’. ಉಳಿದ ಎರಡು ಮೂಲೆಗಳಿಂದ ಹಗ್ಗಕ್ಕೆ ನೇರ ಮೂಲೆಮಟ್ಟದಲ್ಲಿ ಅಳೆದೆ. 12, 16, 20 ಅಡಿಗೆ ಗಂಟು ಹಾಕಿದ ಹಗ್ಗದ ಮುಕ್ಕೋನ ಹಿಡಿದರೆ ಮೂಲೆಮಟ್ಟ ಸಿಕ್ಕತದೆ. ‘ಇ’ ಮೂಲೆ ‘ಆ’ಗಿಂತ ಆಚೆ ಇತ್ತು, ಹಗ್ಗವನ್ನು 80 ಅಡಿ ಮುಂದೆ ಎಳೆಯಬೇಕಾಯ್ತು. ಹೊಲ ಇಳಿಜಾರಿದ್ದರೆ ಟೇಪನ್ನು ನೆಲಕ್ಕೆ ಒರಗಿಸದೆ ಮಟ್ಟವಾಗಿ ಹಿಡಿಯಿರಿ.

ಮೂಲೆ: ಉದ್ದ, ದೂರ (ಅಡಿ)
ಅ: 0, 0
ಆ: 300, 0
ಇ: 380, 150
ಈ: 90, 120
ಮತ್ತೆ ಅ: 0, 0

ಒಂದು: ಪ್ರತಿ ಮೂಲೆಯ ಉದ್ದವನ್ನು ಮುಂದಿನ ಮೂಲೆಯ ದೂರದಿಂದ ಗುಣಿಸಿ. 300×150=45,000; 380×120=45,600; ಉಳಿದವು ಸೊನ್ನೆ. ಒಟ್ಟು 90,600.

ಎರಡು: ಪ್ರತಿ ಮೂಲೆಯ ದೂರವನ್ನು ಮುಂದಿನದರ ಉದ್ದದಿಂದ ಗುಣಿಸಿ. 150×90=13,500; ಉಳಿದವು ಸೊನ್ನೆ.

ಮೂರು: ಕಳೆಯಿರಿ, 77,100. ಅರ್ಧ ಮಾಡಿ, 38,550 ಚದರಡಿ. ಗುಂಟೆಗೆ 33×33, ಅಂದರೆ 1,089 ಚದರಡಿ. ಭಾಗಿಸಿದರೆ 35 ಗುಂಟೆ 6 ಆಣೆ.

ಎಂಟು ಗುಂಟೆ ಗಾಳಿಗೆ ಲಾವಣಿ ಕೊಟ್ಟಿದ್ದೆ! ಹೊಲದವರು ಮೋಸ ಮಾಡಿರಲಿಲ್ಲ, ಮೋಸ ಮಾಡಿದ್ದು ಲೆಕ್ಕ. ಆಯತ ಆಕಾರದ ಹೊಲಕ್ಕೆ ಮಾತ್ರ ಹಳೇ ಲೆಕ್ಕ ಸರಿ. ಹೊಲ ಓರೆಯಾದಷ್ಟೂ ಅದು ಹೆಚ್ಚು ತೋರಿಸತದೆ, ಕಡಿಮೆ ಎಂದೂ ತೋರಿಸೋದಿಲ್ಲ. ಕೊಡುವವರಿಗೆ ಲಾಭ, ಹಿಡಿಯುವವರಿಗೆ ನಷ್ಟ.

ನಿಮ್ಮ ಅಳತೆ ಸರಿಯಿದೆಯೋ ನೋಡಲು ಒಂದು ಉಪಾಯ. ‘ಇ’-‘ಈ’ ನಡುವೆ ಉದ್ದದ ಅಂತರ 290, ದೂರದ ಅಂತರ 30. ಎರಡರ ವರ್ಗ ಕೂಡಿಸಿದರೆ 85,000. ವರ್ಗಮೂಲ 291½. ಟೇಪಿನಲ್ಲೂ ಅಷ್ಟೇ ಬಂತು. ತಾಳೆಯಾಗದಿದ್ದರೆ ಮತ್ತೆ ಅಳೆಯಿರಿ. ಐದು, ಆರು ಮೂಲೆ ಇದ್ದರೂ ಇದೇ ಕ್ರಮ, ಮೂಲೆಗಳನ್ನು ಸಾಲುತಪ್ಪಿ ಬರೆಯಬಾರದು ಅಷ್ಟೆ.

ಇದು ಬೀಜ, ಗೊಬ್ಬರ, ಕೂಲಿ, ಲಾವಣಿಯ ಲೆಕ್ಕಕ್ಕೆ. ಹದ್ದಿನ ತಕರಾರಿದ್ದರೆ ಸರ್ವೆಯವರ ಹದ್ದುಬಸ್ತೇ ಆಗಬೇಕು. ಮುಂದಿನ ಲಾವಣಿ ನಾನು ಮೊದಲು ಅಳೆದು, ಹೊಲದವರ ಎದುರೇ ಲೆಕ್ಕ ಬರೆದು, ಆಮೇಲೆ ಮಾತಾಡಿದೆ. ಅವರೂ ಒಪ್ಪಿದರು.